ರಿಜಿಸ್ಟರಿನಲ್ಲಿ ಇಲ್ಲದ ಬಕೆಟ್ಟು

ಇಪ್ಪತ್ತೆರಡು ವರ್ಷ ನಾನು ಸುಳ್ಳು ಬರೆದೆ. ಅದೂ ಮುತ್ತು ಪೋಣಿಸಿದಂಥ ಅಕ್ಷರದಲ್ಲಿ. ಕಾಪಿ ಪುಸ್ತಕ ತಿದ್ದಿಸಿದ ಮೇಷ್ಟ್ರು ನೋಡಿದ್ದರೆ ಬೆನ್ನು ತಟ್ಟುತ್ತಿದ್ದರು. ಸುಳ್ಳಿನಿಂದ ಯಾರಿಗೂ ಕೇಡಾಗಿರಲಿಲ್ಲ, ಹಾಗಾಗಿ ಅದು ಸುಳ್ಳೆಂಬುದೇ ನನಗೆ ಮರೆತುಹೋಗಿತ್ತು.

ನಾನು ಕಾಸರಗೋಡಿನವ, ಕಸುಬಿನಲ್ಲಿ ಲೋಹ ಕಡೆಯುವ ಲೇತ್ ಕೆಲಸಗಾರ. ಡಿಪ್ಲೊಮಾ ಓದಿದವನು ಕುರ್ಚಿಯ ಮೇಲೆ ಕೂರಬೇಕೆಂದು ಮನೆಯವರಿಗೆ ಆಸೆ. ನನಗೆ ನಿಂತು ಮಾಡುವ ಕೆಲಸವೇ ಹಿಡಿಸಿತು. ಹೆಂಡತಿಗೆ ಬ್ಯಾಂಕಿನಲ್ಲಿ ನೌಕರಿ. ಅವಳಿಗೆ ಕೊಚ್ಚಿಗೆ ವರ್ಗವಾದಾಗ ನಾನೂ ಗಂಟುಮೂಟೆ ಕಟ್ಟಿದೆ, ಮತ್ತೆ ವರ್ಗವಾಗದಿರಲೆಂದು ಅವಳು ಬಡ್ತಿ ಬೇಡವೆಂದು ಬರೆದುಕೊಟ್ಟು ಇಲ್ಲೇ ಉಳಿದಳು. ಇಲ್ಲಿನ ಕನ್ನಡದವರ ಕೂಟದಲ್ಲಿ ಎಲ್ಲರೂ ಬ್ಯಾಂಕಿನವರು, ಇಲ್ಲವೇ ಕೇಂದ್ರ ಸರಕಾರದ ಕಚೇರಿಯವರು. "ನೀವು ಯಾವ ಆಫೀಸು?" ಎಂದು ಕೇಳುತ್ತಾರೆ. "ಮಟ್ಟಾಂಚೇರಿಯಲ್ಲಿ ಲೇತ್" ಎಂದರೆ "ಓಹೋ" ಎಂದು ಉಪ್ಪಿಟ್ಟಿನ ತಟ್ಟೆಯ ಕಡೆ ತಿರುಗುತ್ತಾರೆ. ನನಗೆ ಮೂಗಿನ ತುದಿಯಲ್ಲಿ ಕೋಪ. ಹಾಗಾಗಿ ಅಲ್ಲಿಗೆ ಹೋಗುವುದನ್ನೇ ಬಿಟ್ಟೆ.

ನಮ್ಮ ವರ್ಕ್‌ಶಾಪು ಒಣಶುಂಠಿಯ ಗೋದಾಮಿಗೆ ತಾಗಿಕೊಂಡಿತ್ತು. ಒಳಗೆ ಕಬ್ಬಿಣ ಕೊರೆಯುವ ಎಣ್ಣೆಯ ವಾಸನೆ, ಗೋಡೆಯಾಚೆಯಿಂದ ಶುಂಠಿಯ ಘಾಟು. ಕೆಲಸವೆಲ್ಲ ಮೀನು ಹಿಡಿಯುವ ದೋಣಿಗಳದ್ದು. ಎಂಜಿನ್ನಿನಿಂದ ಹೊರಟ ಉಕ್ಕಿನ ಶಾಫ್ಟು ದೋಣಿಯ ಹಿಂಭಾಗದಲ್ಲಿ ಒಂದು ಕೊಳವೆಯ ಮೂಲಕ ನೀರಿಗಿಳಿಯುತ್ತದೆ. ಅದರ ತುದಿಯಲ್ಲಿ ಪಂಖ. ಆ ಕೊಳವೆಯೊಳಗೆ ಶಾಫ್ಟು ತಿರುಗಲು ಬಳೆಯಂಥ ಒಂದು ಬುಶ್ ಇರುತ್ತದೆ. ಶಾಫ್ಟು ನನ್ನ ಪಾಲು, ಬುಶ್ ಆಶಾನ್ ಪಾಲು.

ಆಶಾನ್ ಎಂದರೆ ಮಲಯಾಳದಲ್ಲಿ ಗುರು. ನಾನು ಸೇರಿದಾಗಲೇ ಅವರ ಮೀಸೆ ಬೆಳ್ಳಗಾಗಿತ್ತು. ನಮ್ಮಿಬ್ಬರ ಮಾತೆಲ್ಲ ಮಲಯಾಳದಲ್ಲಿ ನಡೆದದ್ದು. ಆದರೆ ಅವರು ನನ್ನ ನೆನಪಿನಲ್ಲಿ ಮಾತಾಡುವುದು ನಮ್ಮೂರಿನ ಕನ್ನಡದಲ್ಲೇ, ಇಲ್ಲೂ ಹಾಗೇ ಬರೆಯುತ್ತಿದ್ದೇನೆ.

ಹಿಂದೆ ಬುಶ್‌ಗಳನ್ನು ಹಿತ್ತಾಳೆಯಲ್ಲಿ ಮಾಡುತ್ತಿದ್ದರು. ಆಮೇಲೆ ನೈಲಾನ್ ಬಂತು. ಅಗ್ಗ, ಹಗುರ, ಶಾಫ್ಟನ್ನು ಸವೆಸುವುದಿಲ್ಲ. ಒಂದೇ ತೊಡಕು, ನೈಲಾನ್ ನೀರು ಕುಡಿದು ಉಬ್ಬುತ್ತದೆ. ಸುತ್ತ ಉಕ್ಕಿನ ಕೊಳವೆ ಇರುವುದರಿಂದ ಹೊರಕ್ಕೆ ಉಬ್ಬಲು ಜಾಗವಿಲ್ಲ, ಒಳಕ್ಕೇ ಉಬ್ಬಬೇಕು. ತೂತು ಕಿರಿದಾಗಿ ಶಾಫ್ಟನ್ನು ಹಿಡಿಯುತ್ತದೆ. ಆದ್ದರಿಂದ ಆಶಾನ್ ತೂತನ್ನು ನಕ್ಷೆ ಹೇಳಿದ್ದಕ್ಕಿಂತ ದೊಡ್ಡದಾಗಿ ಕೊರೆಯುತ್ತಿದ್ದರು, ಸುಮಾರು ಅರ್ಧ ಮಿಲಿಮೀಟರಿನಷ್ಟು. ಸುಮಾರು ಎನ್ನುವುದು ನನ್ನ ಮಾತು. ಅವರಲ್ಲಿ ಸುಮಾರು ಎಂಬುದೇ ಇರಲಿಲ್ಲ. ಅವರ ಬೆಂಚಿನ ಕೆಳಗೆ ಒಂದು ನೀಲಿ ಬಕೆಟ್ಟು. ಹೊಸ ನೈಲಾನ್ ದಂಡ ಬಂದಾಗೆಲ್ಲ ತುದಿಯಿಂದ ತೆಳ್ಳಗೆ ಒಂದು ಬಳೆ ಕತ್ತರಿಸಿ, ಅಳೆದು, ದಾರ ಕಟ್ಟಿ ಬಕೆಟ್ಟಿನ ನೀರಿಗೆ ಬಿಡುತ್ತಿದ್ದರು. ವಾರಗಳ ನಂತರ ತೆಗೆದು ಮತ್ತೆ ಅಳೆದರೆ ಆ ದಂಡ ಎಷ್ಟು ಉಬ್ಬುವ ಜಾತಿಯದ್ದೆಂದು ತಿಳಿಯುತ್ತಿತ್ತು. ಅವಸರವಿದ್ದರೆ ಬಳೆಯನ್ನು ಎದುರಿನ ಚಹಾ ಅಂಗಡಿಗೆ ಒಯ್ದು ಕುದಿಯುವ ನೀರಿನಲ್ಲಿ ಹಾಕಿಸುತ್ತಿದ್ದರು. ಕುದಿದರೆ ವಾರಗಳ ಕೆಲಸ ಗಂಟೆಗಳಲ್ಲಿ ಆಗುತ್ತದೆ. ಚಹಾ ಅಂಗಡಿಯವ ಬೈಯುತ್ತಿದ್ದ, ಹಾಕುತ್ತಿದ್ದ.

ಇನ್ನು ನನ್ನ ಸುಳ್ಳು. ನಕ್ಷೆ ಹಿತ್ತಾಳೆಯ ಕಾಲದ್ದು. ಅದನ್ನು ಯಾರೂ ಬದಲಿಸಿರಲಿಲ್ಲ. ದೋಣಿಯ ಕಾಗದಪತ್ರ ನೋಡುವವರು ರಿಜಿಸ್ಟರಿನ ಅಳತೆ ನಕ್ಷೆಯ ಅಳತೆಗೆ ಹೊಂದುತ್ತದೆಯೇ ಎಂದಷ್ಟೇ ನೋಡುತ್ತಿದ್ದರು. ಹೊಂದದಿದ್ದರೆ ದೋಣಿ ದಡದಲ್ಲೇ. ಸೇರಿದ ಹೊಸದರಲ್ಲಿ ನಾನು ಆಶಾನ್ ಕೊರೆದ ನಿಜವಾದ ಅಳತೆ ಬರೆದು ಒಂದು ದೋಣಿಯನ್ನು ಹತ್ತು ದಿನ ನಿಲ್ಲಿಸಿದ್ದೆ. ಆಶಾನ್ ನನ್ನನ್ನು ಕರೆದು, "ಎಡೋ, ದೋಣಿಗೆ ಬೇಕಾದ್ದು ನಾನು ಕೊಡ್ತೇನೆ. ಕಾಗದಕ್ಕೆ ಬೇಕಾದ್ದು ನೀನು ಕೊಡು" ಎಂದರು. ಅಲ್ಲಿಂದ ಅದೇ ರೂಢಿ. ಬುಶ್ ಕೊರೆದು, ಒರೆಸಿ, ಬೆಳಕಿಗೆ ಹಿಡಿದು ನೋಡಿ, "ಹಾಂ, ಇನ್ನು ಬರಿ" ಎನ್ನುತ್ತಿದ್ದರು. ನಾನು ನಕ್ಷೆ ನೋಡಿ ಬರೆಯುತ್ತಿದ್ದೆ.

ಹೀಗಿರುವಾಗ ಮುದಲಾಳಿ ಹೊಸ ಯಂತ್ರ ತಂದರು. ನಾವು ಧಣಿ ಎನ್ನುವವರಿಗೆ ಇಲ್ಲಿ ಮುದಲಾಳಿ. ಅದು ಕಂಪ್ಯೂಟರ್ ನಡೆಸುವ ಲೇತು, ಸಿ.ಎನ್.ಸಿ. ಜೊತೆಗೆ ತಿರುವನಂತಪುರದ ಕಳಕ್ಕೂಟಂನ ಒಂದು ಸಣ್ಣ ಕಂಪನಿಯ ಸಾಫ್ಟ್‌ವೇರು. ಹಳೆಯ ಕೆಲಸದ ದಾಖಲೆ ಕೊಟ್ಟರೆ ಅದು ತಾನೇ ಕಲಿತು ಯಂತ್ರಕ್ಕೆ ಹೇಳಿಕೊಡುತ್ತದಂತೆ, ಕೆಲಸಗಾರ ಎಣಿಸಿ ಕೂಡಿಸುವುದು ಬೇಡವಂತೆ. ದಾಖಲೆ ಎಂದರೆ ನನ್ನ ರಿಜಿಸ್ಟರುಗಳು. ಮುದಲಾಳಿ ಒಂದೊಂದನ್ನೇ ತಿರುವಿ ಎಲ್ಲರೆದುರು ಹೇಳಿದರು, "ನೋಡಿ, ಇಪ್ಪತ್ತೆರಡು ವರ್ಷ, ಒಂದು ಚಿತ್ತು ಇಲ್ಲ. ಯಂತ್ರವನ್ನು ಇವನೇ ನೋಡಿಕೊಳ್ಳಲಿ."

ಆಮೇಲೆ ದನಿ ತಗ್ಗಿಸಿ ಆಶಾನ್‌ಗೆ, "ಈ ಸೀಸನ್ ಆದ ಮೇಲೆ ನೀವು ಸ್ವಲ್ಪ ವಿಶ್ರಾಂತಿ ತಗೊಳ್ಳಿ" ಎಂದರು.

ನನಗೆ ಆಗ ಸಂತೋಷವಾಯಿತು. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಕಸುಬು ಕಲಿಸಿದವರ ಅನ್ನ ಹೋಗುವ ಮಾತು ಕೇಳುತ್ತಾ ನಿಂತು, ಐವತ್ತರ ಹೊಸ್ತಿಲಲ್ಲಿ ನನ್ನ ಜಾಗ ಉಳಿಯಿತಲ್ಲ ಎಂದು ಹಿಗ್ಗಿದೆ. ಆಶಾನ್ ಬಕೆಟ್ಟಿನ ನೀರು ಬದಲಿಸುತ್ತಿದ್ದರು, ತಲೆ ಎತ್ತಲಿಲ್ಲ. ರಿಜಿಸ್ಟರು ಸುಳ್ಳೆಂಬುದು ಆ ಹೊತ್ತಿಗೆ ನನಗೆ ನೆನಪಾಗಲೇ ಇಲ್ಲ. ನೆನಪಾಗದಂತೆ ನಾನೇ ನೋಡಿಕೊಂಡೆನೋ ಏನೋ.

ಮಳೆಗಾಲದ ಮೀನುಗಾರಿಕೆ ನಿಷೇಧದ ದಿನಗಳು ನಮಗೆ ಸುಗ್ಗಿ. ದೋಣಿಗಳೆಲ್ಲ ದಡಕ್ಕೆ ಬಂದಿರುತ್ತವೆ. ನಿಷೇಧ ಮುಗಿಯುವುದರೊಳಗೆ ರಿಪೇರಿಯಾಗಬೇಕು. ಅಂಥ ಹೊತ್ತಿನಲ್ಲೇ ಮುದಲಾಳಿ ನನ್ನನ್ನು ಮೂರು ವಾರದ ತರಬೇತಿಗೆ ಕಳಕ್ಕೂಟಂಗೆ ಕಳಿಸಿದರು. ಯಂತ್ರ ಕೂರಿಸಲು ಬಂದ ಕಂಪನಿಯ ಮನುಷ್ಯ ಅಷ್ಟರಲ್ಲಿ ಅದನ್ನು ಓಡಿಸಿ ನೋಡುತ್ತಾನೆ ಎಂದರು.

ಕಳಕ್ಕೂಟಂನ ಕಚೇರಿಯ ಹವಾನಿಯಂತ್ರಿತ ಕೋಣೆಯಲ್ಲಿ ನನ್ನ ಬೂಟಿಗೆ ಅಂಟಿದ ಕಬ್ಬಿಣದ ಚೂರು ನೆಲ ಗೀರುತ್ತದೆಂದು ಮೊದಲ ದಿನವೇ ಚಪ್ಪಲಿ ಕೊಟ್ಟರು. ಕಲಿಸುವವಳು ಮೈಸೂರಿನ ಎಂಜಿನಿಯರ್, ನನ್ನ ಮಗಳಿಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವಳಿರಬೇಕು. ನಾನು ಕನ್ನಡದವನೆಂದು ತಿಳಿದದ್ದೇ ತಡ, ಅವಳ ಬಾಯಿಂದ ಇಂಗ್ಲಿಷ್ ಮಾಯವಾಯಿತು. ಮಧ್ಯಾಹ್ನ ಕ್ಯಾಂಟೀನಿನ ಕುಸುಬಲಕ್ಕಿ ಅನ್ನವನ್ನು ಬೈಯುತ್ತಾ ಉಣ್ಣುತ್ತಿದ್ದಳು. ಇಪ್ಪತ್ತೆರಡು ವರ್ಷದಲ್ಲಿ ನನ್ನ ಕೆಲಸದ ಬಗ್ಗೆ ಕನ್ನಡದಲ್ಲಿ ಇಷ್ಟು ಪ್ರಶ್ನೆ ಕೇಳಿದವರು ಯಾರೂ ಇಲ್ಲ. ನಾನು ಉಬ್ಬಿಹೋದೆ.

ಎರಡನೆಯ ವಾರದ ಗುರುವಾರ, ನಿಷೇಧ ಮುಗಿಯಲು ಹನ್ನೆರಡು ದಿನ ಇರುವಾಗ, ಅವಳು ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ನನ್ನ ರಿಜಿಸ್ಟರಿನ ಪುಟ ತೆರೆದಳು. ನನ್ನ ಏಳು, ನನ್ನ ಒಂಬತ್ತು, ಒಂದೊಂದೂ ಬೆರಳುದ್ದ.

"ಸರ್, ಒಂದು ಡೌಟು. ಶಾಫ್ಟ್‌ಗಳ ಅಳತೆ ನೋಡಿ, ಒಂದೊಂದೂ ಚೂರು ಆಚೆ ಈಚೆ ಇದೆ. ಅದು ಸಹಜ ತಾನೆ? ಆದ್ರೆ ಬುಶ್ ನೋಡಿ, ಇಷ್ಟು ವರ್ಷದಲ್ಲಿ ಒಂದೇ ಒಂದ್ಸಲಾನೂ ನಕ್ಷೆ ಬಿಟ್ಟು ಹೋಗಿಲ್ಲ. ಕೈಯಲ್ಲಿ ಮಾಡೋರಿಗೆ ಇದು ಹೆಂಗೆ ಸಾಧ್ಯ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಕನ್ನಡಕ ತೆಗೆದು ಒರೆಸಿದೆ. "ಆಶಾನ್ ಕೈ ಅಂಥದ್ದು ಮೇಡಂ" ಎಂದೆ.

ಅವಳ ಮುಖ ಅರಳಿತು. "ವಾವ್. ಹಾಗಾದ್ರೆ ನಮ್ಮ ಯಂತ್ರ ಸರಿಯಾಗೇ ಕಲ್ತಿದೆ. ನಿಮ್ಮಲ್ಲಿ ಈಗಾಗ್ಲೇ ಒಂಬತ್ತು ಬುಶ್ ಮಾಡಿದೆ ಸರ್, ಒಂಬತ್ತೂ ನಿಮ್ಮ ರಿಜಿಸ್ಟರಲ್ಲಿ ಇರೋ ಹಾಗೇ ಬಂದಿವೆ."

ಒಂಬತ್ತು ಬುಶ್ ಎಂದರೆ ಒಂಬತ್ತು ದೋಣಿ. ನಾನು ಬರೆದ ಹಾಗೇ ಬಂದಿವೆ ಎಂದರೆ ನೀರು ಕುಡಿದು ಉಬ್ಬಲು ಎಳ್ಳಷ್ಟೂ ಜಾಗ ಬಿಟ್ಟಿಲ್ಲ. ಮೊದಲ ದಿನ ಎಲ್ಲ ಸರಿಯಾಗಿಯೇ ತಿರುಗುತ್ತದೆ, ವಾರ ಕಳೆದರೂ ತಿರುಗುತ್ತದೆ. ಆಮೇಲೆ ಒಂದು ದಿನ, ದಡ ಕಾಣದಷ್ಟು ದೂರದಲ್ಲಿ, ಮಳೆಗಾಲದ ಅಲೆಯ ನಡುವೆ ಬಿಸಿಯೇರಿ ಹಿಡಿದು ನಿಲ್ಲುತ್ತದೆ. ಓಡದ ದೋಣಿ ಅಲೆಗೆ ಅಡ್ಡ ತಿರುಗುತ್ತದೆ. ಆಮೇಲೆ ಏನಾಗುತ್ತದೆಂದು ಕಡಲ ಕರೆಯಲ್ಲಿ ಹುಟ್ಟಿದವನಿಗೆ ಯಾರೂ ಹೇಳಬೇಕಾಗಿಲ್ಲ. ಒಂದೊಂದರಲ್ಲಿ ಹತ್ತು ಹನ್ನೆರಡು ಜನ.

ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಬಾಯಿ ಬಿಟ್ಟರೆ ನಾನು ಸುಳ್ಳುಗಾರ. ರಿಜಿಸ್ಟರಿನಿಂದಲೇ ಸಿಕ್ಕ ಜಾಗ ರಿಜಿಸ್ಟರಿನಿಂದಲೇ ಹೋಗುತ್ತದೆ. ಇಷ್ಟೆಲ್ಲ ಓದಿದ ಕಂಪನಿಯವರು ಉಬ್ಬುವ ಲೆಕ್ಕ ಬೇರೆಲ್ಲೋ ಸೇರಿಸಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಸಂಜೆ ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು ಆಶಾನ್‌ಗೆ ಫೋನ್ ಮಾಡಿದೆ.

"ಆಶಾನ್, ಯಂತ್ರ ಮಾಡಿದ ಬುಶ್ ನೀವು ನೋಡಿದ್ದೀರಾ?"

"ನನಗೆ ಎಂತಕ್ಕೆ ತೋರಿಸ್ತಾರೆ?"

"ಬಕೆಟ್ಟಿನಲ್ಲಿ ಆ ದಂಡದ ಬಳೆ ಉಂಟಾ?"

"ಬಕೆಟ್ಟು ಎಲ್ಲುಂಟು? ಸೊಳ್ಳೆ ಆಗ್ತದೆ ಅಂತ ಮುದಲಾಳಿ ಚೆಲ್ಲಿಸಿದ. ಈಗ ಅದರಲ್ಲಿ ನೆಲ ಒರೆಸ್ತಾರೆ." ಅಷ್ಟು ಹೇಳಿ ಫೋನ್ ಇಟ್ಟರು.

ಹೊಟ್ಟೆ ಸರಿಯಿಲ್ಲವೆಂದು ಹೇಳಿ ಶನಿವಾರದ ರೈಲು ಹತ್ತಿದೆ. ಎರ್ನಾಕುಳಂನಲ್ಲಿ ಇಳಿದವನು ಮನೆಗೆ ಹೋಗದೆ ನೇರ ವರ್ಕ್‌ಶಾಪಿಗೆ ಹೋದೆ. ಹೊಸ ಯಂತ್ರ ಗಾಜಿನ ಬಾಗಿಲ ಹಿಂದೆ ತಣ್ಣಗೆ ನಿಂತಿತ್ತು. ಮೂಲೆಯಲ್ಲಿ ಅದು ಬುಶ್ ಮಾಡಿದ ನೈಲಾನ್ ದಂಡದ ತುಂಡೊಂದು ಬಿದ್ದಿತ್ತು. ಹಳೆಯ ಲೇತಿನಲ್ಲಿ ಅದರಿಂದ ಬುಶ್‌ನಷ್ಟೇ ದಪ್ಪದ ಒಂದು ಬಳೆ ಕತ್ತರಿಸಿಕೊಂಡು, ದಪ್ಪ ಅಳೆಯುವ ಮೈಕ್ರೋಮೀಟರನ್ನೂ ಜೇಬಿಗೆ ಹಾಕಿ ಹೊರಟೆ. ಒಂಬತ್ತರಲ್ಲಿ ಆರು ದೋಣಿ ಆಗಲೇ ನೀರಿಗಿಳಿದಿವೆ ಎಂದು ಕಾವಲುಗಾರ ಹೇಳಿದ.

ಭಾನುವಾರ ಬೆಳಿಗ್ಗೆ ಬಳೆಯ ಗೋಡೆಯ ದಪ್ಪ ಅಳೆದು ಕ್ಯಾಲೆಂಡರಿನ ಹಿಂದೆ ಬರೆದು, ಇಡ್ಲಿ ಪಾತ್ರೆಯಲ್ಲಿ ನೀರು ತುಂಬಿ ಒಲೆಯ ಮೇಲಿಟ್ಟೆ. ಮಗಳು ಇಣುಕಿ, "ಅಚ್ಛಾ, ಇದೆಂದಾ?" ಎಂದಳು, ಅಪ್ಪಾ ಇದೇನು ಎಂದು ಮಲಯಾಳದಲ್ಲೇ. ಅವಳಿಗೆ ಕನ್ನಡ ತಿಳಿಯುತ್ತದೆ, ಬಾಯಿಗೆ ಬರುವುದಿಲ್ಲ. "ಪರೀಕ್ಷೆ" ಎಂದೆ. ಹೆಂಡತಿ ಬಂದು ಮುಚ್ಚಳ ತೆಗೆದು ನೋಡಿದಳು.

"ಇಡ್ಲಿ ಪಾತ್ರೆಯಲ್ಲಿ ಎಂತದ್ದು ಮಾರಾಯ್ರೆ ಇದು?"

"ನನ್ನ ಕೆಲಸ ಬೇಯ್ತಾ ಉಂಟು" ಎಂದೆ. ಅವಳು ನನ್ನ ಮುಖ ನೋಡಿದಳು, ಹೋಗಿ ದೋಸೆ ಹಿಟ್ಟು ಕಡೆದಳು.

ನೀರು ಬತ್ತಿದಂತೆಲ್ಲ ತುಂಬಿಸುತ್ತಾ ಸಂಜೆಯವರೆಗೂ ಒಲೆಯ ಮುಂದೆ ಸ್ಟೂಲು ಹಾಕಿ ಕೂತೆ. ಉಬ್ಬದಿರಲಿ ಎಂದು ಮೂಕಾಂಬಿಕೆಗೆ ಹರಕೆ ಹೊತ್ತೆ. ದೇವರೇ, ಒಂದು ನೈಲಾನ್ ತುಂಡಿಗಾಗಿ ಹರಕೆ! ಐದು ಗಂಟೆಗೆ ತೆಗೆದು, ಒರೆಸಿ, ತಣಿಸಿ ಅಳೆದೆ. ಉಬ್ಬಿತ್ತು. ಎರಡೂ ಬದಿ ಕೂಡಿಸಿದರೆ ಅರ್ಧ ಮಿಲಿಮೀಟರಿಗಿಂತಲೂ ತುಸು ಹೆಚ್ಚು. ಬುಶ್‌ನಲ್ಲಿ ಶಾಫ್ಟಿಗೆಂದು ಬಿಟ್ಟ ಸಂದನ್ನೆಲ್ಲ ಅದು ನುಂಗಿಹಾಕುತ್ತದೆ. ಮತ್ತೊಮ್ಮೆ ಅಳೆದೆ, ಮೂರನೆಯ ಸಲವೂ ಅಳೆದೆ. ಅಂಕೆ ಅಲುಗಲಿಲ್ಲ.

ಸೋಮವಾರ ಬೆಳಿಗ್ಗೆ, ನಿಷೇಧ ಮುಗಿಯಲು ಎಂಟು ದಿನ ಉಳಿದಿರುವಾಗ, ಮುದಲಾಳಿಯ ಬಳಿ ಹೋಗುವ ಮೊದಲು ಆಶಾನ್ ಮನೆಗೆ ಹೋದೆ. ಅಕ್ಕಿಹಿಟ್ಟಿನ ಪುಟ್ಟು ತಿನ್ನುತ್ತಿದ್ದರು. ಬಳೆಯನ್ನು ತಟ್ಟೆಯ ಪಕ್ಕ ಇಟ್ಟೆ. ಅವರು ಅದನ್ನು ಎಡಗೈಯಲ್ಲಿ ಎತ್ತಿ ಹೆಬ್ಬೆರಳಿನಿಂದ ಒತ್ತಿದರು, ಅಷ್ಟೇ.

"ಕುದಿಸಿದ್ದೀಯ."

"ಹೌದು. ಆಶಾನ್, ನಿಮಗೆ ಗೊತ್ತಿತ್ತು."

"ಮೊದಲನೇ ಬುಶ್ ಹೊರಗೆ ಬಂದ ದಿನವೇ ಗೊತ್ತಿತ್ತು. ಕಣ್ಣಳತೆಯಲ್ಲೇ ಗೊತ್ತಾಗ್ತದೆ." ಪುಟ್ಟಿಗೆ ಬಾಳೆಹಣ್ಣು ಕಲಸುತ್ತಾ ಮುಂದುವರಿಸಿದರು, "ನೀನು ಬರೆದದ್ದನ್ನೇ ಅದು ಕೊರೆದದ್ದು. ನನ್ನ ಹತ್ತಿರ ಎಂತಕ್ಕೆ ಬಂದೆ?"

"ಹೇಳಬಹುದಿತ್ತಲ್ಲ ನೀವು!" ನನ್ನ ದನಿ ಏರಿತು. "ನಾನು ಇರಲಿಲ್ಲ, ನೀವು ಇದ್ದಿರಿ. ಮುದಲಾಳಿಗೆ ಒಂದು ಮಾತು ಹೇಳಲಿಕ್ಕೆ ಎಂತ ಆಗಿತ್ತು?"

"ನನ್ನನ್ನು ಯಾರು ಕೇಳಿದ್ದಾರೆ? ಒಂದು ದೋಣಿ ನಿಂತರೆ ಆವಾಗ ಎಲ್ಲರಿಗೂ ಗೊತ್ತಾಗ್ತದೆ, ಈ ಮುದುಕ ಎಂತ ಮಾಡ್ತಾ ಇದ್ದ ಅಂತ."

"ನಿಲ್ಲುವುದು ಜೆಟ್ಟಿಯಲ್ಲಿ ಅಲ್ಲ ಆಶಾನ್. ಹೊರಗೆ. ಅಲೆಯಲ್ಲಿ."

ಅವರು ಕಲಸುವುದನ್ನು ನಿಲ್ಲಿಸಿದರು. ನನಗೆ ಅವರ ಮೇಲೆ ಸಿಟ್ಟು ಉಕ್ಕುತ್ತಿತ್ತು. ಅದರ ಅರ್ಧ ನನ್ನ ಮೇಲಿನದ್ದೇ ಎಂಬುದೂ ಗೊತ್ತಿತ್ತು. ಅವರು ಹೊಟ್ಟೆಕಿಚ್ಚಿಗೆ ಬಾಯಿ ಮುಚ್ಚಿದರು, ನಾನು ಹೆದರಿಕೆಗೆ. ಆ ನಾಲ್ಕು ದಿನ ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಇದ್ದವನು ನಾನೂ ಅಲ್ಲವೇ? ಆಶಾನ್ ಕೈ ತೊಳೆದು ಬಂದು ಗೂಟದಿಂದ ಅಂಗಿ ತೆಗೆದರು.

"ನೀನು ಮಾತಾಡು. ಬಕೆಟ್ಟಿನ ವಿಷಯ ಬಂದರೆ ನಾನು ಹೇಳ್ತೇನೆ" ಎಂದರು.

ಮುದಲಾಳಿಯ ಮೇಜಿನ ಮೇಲೆ ಬಳೆ ಇಟ್ಟು, ಕ್ಯಾಲೆಂಡರಿನ ಹಾಳೆ ಬಿಡಿಸಿ, ಇಪ್ಪತ್ತೆರಡು ವರ್ಷದ ಕಥೆಯನ್ನು ಐದು ನಿಮಿಷದಲ್ಲಿ ಹೇಳಿದೆ. ರಿಜಿಸ್ಟರಿನ ಬುಶ್ ಅಳತೆ ಒಂದೂ ನಿಜವಲ್ಲ, ಎಲ್ಲ ನಕ್ಷೆ ನೋಡಿ ಬರೆದದ್ದು ಎಂದಾಗ ಅವರು ಎದ್ದು ನಿಂತರು. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಕಪಾಟಿನಲ್ಲಿದ್ದ ರಿಜಿಸ್ಟರುಗಳನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಆಶಾನ್ ಕಡೆ ತಿರುಗಿ, "ಇದು ನಿಜವಾ?" ಎಂದು ಕೇಳಿದರು. ಇಪ್ಪತ್ತೆರಡು ವರ್ಷ ನನ್ನ ಅಕ್ಷರವನ್ನು ನಂಬಿದವರು ಆ ದಿನ ನನ್ನ ಮಾತಿಗೆ ಸಾಕ್ಷಿ ಕೇಳಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮಧ್ಯಾಹ್ನದ ಹೊತ್ತಿಗೆ ಮೊದಲು ನೀರಿಗಿಳಿದಿದ್ದ ದೋಣಿಯನ್ನು ಮತ್ತೆ ದಡಕ್ಕೆ ಎಳೆಸಿದೆವು. ದೋಣಿ ನಡೆಸುವ ಸ್ರಾಂಕ್ ಬಾಯಿಗೆ ಬಂದಂತೆ ಕೂಗಾಡುತ್ತಿದ್ದ. ಬಣ್ಣ ಬಳಿದು ಪೂಜೆಯನ್ನೂ ಮಾಡಿಯಾಗಿತ್ತಂತೆ. ಎಂಜಿನ್ನಿನ ಜೋಡಣೆ ಕಳಚಿದ ಮೇಲೆ ಶಾಫ್ಟು ಬರಿಗೈಯಲ್ಲಿ ತಿರುಗಬೇಕು. ನಾನು ಹಿಡಿದು ತಿರುಗಿಸಿದೆ, ಅಲುಗಲಿಲ್ಲ. ಸ್ರಾಂಕ್ ನನ್ನನ್ನು ಸರಿಸಿ ತಾನು ಹಿಡಿದ. ಕೊನೆಗೆ ಇಬ್ಬರು ಉದ್ದ ಸ್ಪ್ಯಾನರ್ ಹಾಕಿ ಜಗ್ಗಿದ ಮೇಲೆ ಕಿರ್ರೆಂದು ಕಾಲು ಸುತ್ತು ಬಂತು. ನೀರಿಗಿಳಿದು ಇನ್ನೂ ಹನ್ನೆರಡು ದಿನವಾಗಿತ್ತಷ್ಟೆ. ಸ್ರಾಂಕ್‌ನ ಕೂಗಾಟ ನಿಂತಿತು. ಅವನು ಸ್ಪ್ಯಾನರನ್ನು ಮೆಲ್ಲನೆ ಕೆಳಗಿಟ್ಟು ನನ್ನನ್ನು ನೋಡಿದ. ಆ ನೋಟ ಇಂದಿಗೂ ನನ್ನ ಬೆನ್ನು ಬಿಟ್ಟಿಲ್ಲ.

ಮುಂದಿನ ಏಳು ದಿನ ನಾವು ಮನುಷ್ಯರಂತೆ ಉಂಡದ್ದಿಲ್ಲ. ಒಂಬತ್ತು ಶಾಫ್ಟು ಎಳೆಯಬೇಕು, ಒಂಬತ್ತು ಬುಶ್ ಹೊರಗೆ ತೆಗೆದು ಮತ್ತೆ ಕೊರೆಯಬೇಕು. ಹೊಸ ಯಂತ್ರದ ಗಾಜಿನ ಬಾಗಿಲು ಮುಚ್ಚಿ ಹಳೆಯ ಲೇತಿಗೆ ನಿಂತೆವು. ಎರಡು ಬೇರೆ ಬೇರೆ ದಂಡದಿಂದ ಮಾಡಿದ ಬುಶ್‌ಗಳವು, ಎರಡೂ ಒಂದೇ ಸಮ ಉಬ್ಬುವುದಿಲ್ಲ. ನೆಲ ಒರೆಸುವ ಬಕೆಟ್ಟನ್ನು ಆಶಾನ್ ತಾವೇ ತೊಳೆದು ಬೆಂಚಿನ ಕೆಳಗಿಟ್ಟರು. ಆದರೆ ಬಕೆಟ್ಟಿಗೆ ವಾರಗಳು ಬೇಕು, ನಮ್ಮಲ್ಲಿದ್ದದ್ದು ದಿನಗಳು. ಚಹಾ ಅಂಗಡಿಯವನ ಒಲೆ ಬಿಡುವಿಲ್ಲದೆ ಬಳೆ ಕುದಿಸಿತು. ಆ ವಾರ ಅವನೂ ಬೈಯಲಿಲ್ಲ. ಒಂದು ಬುಶ್ ಕೊರೆಯುವಾಗ ಆಶಾನ್ ಕೈ ಜಾರಿ ತೂತು ಹೆಚ್ಚಾಗಿ ಅದನ್ನು ಎಸೆಯಬೇಕಾಯಿತು. ಅವರ ಕೈ ಜಾರಿದ್ದನ್ನು ನಾನು ಕಂಡದ್ದು ಅದೇ ಮೊದಲು. ಹೊಸ ದಂಡ ತಂದು, ಅದರ ಬಳೆ ಕುದಿಸಿ, ಮತ್ತೆ ಮೊದಲಿನಿಂದ. ಒಂಬತ್ತನೆಯ ದೋಣಿ ನೀರಿಗಿಳಿದದ್ದು ನಿಷೇಧ ಮುಗಿಯುವ ದಿನ ಊಟದ ಹೊತ್ತಿಗೆ. ಅಂದು ಸಂಜೆ ದೋಣಿಗಳೆಲ್ಲ ಐಸ್ ತುಂಬಿಕೊಂಡು ಸಾಲುಗಟ್ಟಿ ನಿಂತಿದ್ದವು. ನಾನು ಜೆಟ್ಟಿಯ ತುದಿಯಲ್ಲಿ ನಿಂತು ಒಂಬತ್ತನ್ನೂ ಹೆಸರು ಹಿಡಿದು ಗುರುತಿಸಿದೆ. ಅವು ಹೊರಟು ಹಿಂದಿರುಗುವವರೆಗೆ, ಪ್ರತಿ ಸಲ ಫೋನ್ ಬಡಿದುಕೊಂಡಾಗಲೂ ಜೀವ ಹೋಗಿ ಬರುತ್ತಿತ್ತು. ಒಂಬತ್ತೂ ಬಂದವು.

ಅದಾದ ವಾರದಲ್ಲೇ ಮೈಸೂರಿನ ಹುಡುಗಿ ಕಳಕ್ಕೂಟಂನಿಂದ ಮಟ್ಟಾಂಚೇರಿಗೆ ಬಂದಳು. ನನ್ನ ಮೇಲೆ ಅವಳಿಗೆ ಕೋಪವಿತ್ತು, ಮುಚ್ಚಿಡಲಿಲ್ಲ.

"ನಾನು ಅವತ್ತೇ ಕೇಳ್ದೆ ಸರ್. ನೀವು ಅವತ್ತೇ ಹೇಳ್ಬೋದಿತ್ತು."

"ಹೌದು ಮೇಡಂ" ಎಂದೆ.

"ನಂದೂ ತಪ್ಪಿದೆ. ಅಷ್ಟು ಅಚ್ಚುಕಟ್ಟಾಗಿದ್ದಾಗ್ಲೇ ನಂಬಬಾರ್ದಿತ್ತು." ಅವಳು ಬೆಂಚಿನ ಕೆಳಗೆ ಬಗ್ಗಿ ಬಕೆಟ್ಟಿನೊಳಗೆ ನೋಡಿದಳು. ದಾರ ಕಟ್ಟಿದ ಬಳೆಗಳು ತೇಲದೆ ತಳದಲ್ಲಿ ಕೂತಿದ್ದವು. "ಆಶಾನ್ ಇದನ್ನ ಪೂರ್ತಿ ಹೇಳಿಕೊಡ್ತಾರಾ, ಕೇಳಿ."

ಕೇಳಿದೆ. ಮನಸ್ಸಿನಲ್ಲಿ ಮಾತ್ರ, ಹೇಳಬೇಡಿ ಆಶಾನ್, ಇದೊಂದೇ ನಿಮ್ಮಲ್ಲಿ ಉಳಿದಿರುವುದು ಎಂದುಕೊಂಡೆ. ಯಂತ್ರಕ್ಕೆ ಗೊತ್ತಿಲ್ಲದ್ದು ಈ ಬಕೆಟ್ಟು ಒಂದೇ. ಇದೂ ಗೊತ್ತಾದರೆ ಆಶಾನ್ ಯಾಕೆ ಬೇಕು, ನಾನಾದರೂ ಯಾಕೆ? ಅವಳಿಗೆ ಕಾಣದಂತೆ ಕಣ್ಣು ಸನ್ನೆಯನ್ನೂ ಮಾಡಿದೆ. ಆಶಾನ್ ನೋಡಿದರು. ನೋಡಿಯೂ ಸ್ಟೂಲು ಎಳೆದು ಅವಳೆದುರು ಕೂತರು.

ಮೂರು ದಿನ ಹೇಳಿದರು. ಯಾವ ಬಣ್ಣದ ದಂಡ ಹೆಚ್ಚು ಕುಡಿಯುತ್ತದೆ, ಮಳೆಗಾಲದಲ್ಲಿ ಗೋದಾಮಿನಲ್ಲೇ ಎಷ್ಟು ಕುಡಿದಿರುತ್ತದೆ, ಬುಶ್‌ನ ಗೋಡೆ ದಪ್ಪವಾದಷ್ಟೂ ಎಷ್ಟು ಸೇರಿಸಬೇಕು, ಕುದಿಸಿದ ಬಳೆಗೂ ನೆನೆಸಿದ ಬಳೆಗೂ ಎಷ್ಟು ವ್ಯತ್ಯಾಸ. ಅವರು ಮಲಯಾಳದಲ್ಲಿ ಹೇಳುವುದು, ನಾನು ಕನ್ನಡಕ್ಕೆ ತರುವುದು, ಅವಳು ಇಂಗ್ಲಿಷಿನಲ್ಲಿ ಕೀಲಿ ಒತ್ತುವುದು. ನಡುವೆ ನಾನು ಒಂದು ಅಂಕೆಯನ್ನು ತಪ್ಪಾಗಿ ಹೇಳಿಬಿಡಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಆ ಆಸೆ ಬಂತೆಂದು ಹೇಳಲು ನಾಚಿಕೆಯಾಗುತ್ತದೆ. ಆಗ ಸ್ಪ್ಯಾನರ್ ಕೆಳಗಿಟ್ಟ ಸ್ರಾಂಕ್‌ನ ಮುಖ ನೆನಪಾಗಿ ಇದ್ದದ್ದನ್ನು ಇದ್ದ ಹಾಗೇ ಹೇಳಿದೆ.

ಕೊನೆಯ ದಿನ ಅವಳು ಹೋದ ಮೇಲೆ ಕೇಳಿಯೇಬಿಟ್ಟೆ, "ಎಲ್ಲ ಕೊಟ್ಟುಬಿಟ್ಟಿರಲ್ಲ ಆಶಾನ್?"

"ನಲವತ್ತು ವರ್ಷದಲ್ಲಿ ಯಾರೂ ಕೇಳಿರಲಿಲ್ಲ ಎಡೋ" ಎಂದರು. "ನೀನು ಸಹಾ."

ಸೀಸನ್ ಮುಗಿಯಿತು, ಆಶಾನ್ ವಿಶ್ರಾಂತಿಗೆ ಹೋದರು. ಮುದಲಾಳಿ ನನ್ನನ್ನು ತೆಗೆಯಲಿಲ್ಲ, ಕ್ಷಮಿಸಲೂ ಇಲ್ಲ. ಯಂತ್ರದ ಹೊಣೆ ಬೇರೆಯವನಿಗೆ ಹೋಯಿತು. ನಾನು ಅದರ ಬಾಯಿಗೆ ದಂಡ ಇಡುತ್ತೇನೆ, ಮುಗಿದದ್ದನ್ನು ತೆಗೆದು ಒರೆಸುತ್ತೇನೆ. ಅಳತೆಯನ್ನು ಅದೇ ತೆಗೆಯುತ್ತದೆ, ಅದೇ ಬರೆದಿಡುತ್ತದೆ. ರಿಜಿಸ್ಟರು ನಿಂತುಹೋಯಿತು. ಬೆಂಚಿನ ಕೆಳಗೆ ನೀಲಿ ಬಕೆಟ್ಟಿನ ಜಾಗದಲ್ಲಿ ಈಗ ನೀರನ್ನು ಒಂದೇ ಬಿಸಿಯಲ್ಲಿ ಇಡುವ ಸ್ಟೀಲ್ ತೊಟ್ಟಿಯಿದೆ. ಮುದಲಾಳಿ ಹೊಸ ನಕ್ಷೆಯನ್ನೂ ಮಾಡಿಸಿದ್ದಾರೆ. ಅದರಲ್ಲಿ ಉಬ್ಬುವ ಲೆಕ್ಕವಿದೆ, ಕಾಗದಪತ್ರ ನೋಡುವವರೂ ಒಪ್ಪಿದ್ದಾರೆ. ಕಾಗದಕ್ಕೂ ದೋಣಿಗೂ ಈಗ ಒಂದೇ ಅಳತೆ. ಅದನ್ನು ಇಪ್ಪತ್ತೆರಡು ವರ್ಷದ ಹಿಂದೆಯೇ ಮಾಡಬಹುದಿತ್ತು, ಯಾರಾದರೂ ಒಬ್ಬರು ಬಾಯಿ ಬಿಟ್ಟಿದ್ದರೆ.

ಮರುವರ್ಷದ ನಿಷೇಧದ ದಿನಗಳಲ್ಲಿ ಯಂತ್ರ ಹೊಸ ಲೆಕ್ಕದ ಮೊದಲ ಬುಶ್ ಕೊರೆಯಿತು. ನನಗೆ ನಂಬಿಕೆ ಬರಲಿಲ್ಲ. ಅದೇ ದಂಡದಿಂದ ಬಳೆ ಕತ್ತರಿಸಿ ಮನೆಗೆ ಒಯ್ದು ಕುದಿಸಿ ನೋಡಿದೆ. ಇಡ್ಲಿ ಪಾತ್ರೆ ಈಗ ಅದಕ್ಕೇ ಮೀಸಲು. ಲೆಕ್ಕ ಹಾಕಿದೆ. ಆಶಾನ್ ಇದ್ದಿದ್ದರೆ ಎಷ್ಟು ಬಿಡುತ್ತಿದ್ದರೋ ಯಂತ್ರ ಅಷ್ಟೇ ಬಿಟ್ಟಿತ್ತು, ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ. ಸಂತೋಷಪಡಬೇಕೋ ಅಳಬೇಕೋ ತಿಳಿಯಲಿಲ್ಲ. ನಿಜ ಹೇಳಬೇಕೆಂದರೆ ಕಣ್ಣು ತುಂಬಿತು.

ಮರುದಿನ ಊಟದ ಹೊತ್ತಿಗೆ ಆಶಾನ್ ಫೋನ್ ಬಂತು. ಎತ್ತುವ ಮೊದಲೇ ಏನು ಕೇಳುತ್ತಾರೆಂದು ಗೊತ್ತಿತ್ತು.

"ಎಷ್ಟು ಬಿಟ್ಟಿತು ಅದು?"

ನಾನು ಯಂತ್ರದ ಗಾಜಿನ ಬಾಗಿಲನ್ನು ನೋಡಿದೆ. ಒಳಗೆ ಹಸಿರು ದೀಪ ಉರಿಯುತ್ತಿತ್ತು.

"ಸ್ವಲ್ಪ ಕಮ್ಮಿ ಬಿಟ್ಟಿತ್ತು ಆಶಾನ್. ನಾನು ಹಳೇ ಲೇತಿನಲ್ಲಿ ಹಾಕಿ ಸರಿ ಮಾಡಿದೆ."

ದೂರದಲ್ಲಿ ಅವರ ಮನೆಯ ಟಿ.ವಿ. ಕೇಳುತ್ತಿತ್ತು. ಆಮೇಲೆ ಅವರು ಮೆಲ್ಲನೆ ನಕ್ಕರು.

"ಹಾಂ, ಇನ್ನು ಬರಿ" ಎಂದರು.

"ಬರೆದೆ ಆಶಾನ್" ಎಂದೆ. ರಿಜಿಸ್ಟರು ನಿಂತು ವರ್ಷವಾಗಿತ್ತು. ಅದು ಅವರಿಗೂ ಗೊತ್ತಿತ್ತು.